ಮನೆಯ ಸೆನ್ಸಾರ್

ಮಾಧ್ಯಮ ಅಧ್ಯಯನಕ್ಕೆ ಸೇರಿದಾಗಿನಿಂದ ಮನೆಯವರಿಗೆಲ್ಲ ಕಿರಿಮಗಳು ‘ಸೆನ್ಸಾರ್’. ಅಪ್ಪ ಪೇಪರ್ ಬಿಡಿಸಿದರೆ ಸಾಕು, ಹೆಗಲ ಮೇಲಿಂದ ಬಗ್ಗಿ, “ಈ ತಲೆಬರಹ ಯಾರ ಪರ ಇದೆ ನೋಡಿದ್ರಾ?” ಎನ್ನುತ್ತಾಳೆ. ಅಣ್ಣ ಹಾಡು ಗುನುಗಿದರೆ, ಅದರಲ್ಲಿ ಹೆಣ್ಣಿಗೆ ಒಂದು ಸಾಲೂ ಇಲ್ಲವೆಂದು ತಕರಾರು ತೆಗೆಯುತ್ತಾಳೆ. ಸಿನಿಮಾದಲ್ಲಿ ನಾಯಕಿ ಅಳುವಾಗ ಟೀವಿ ನಿಲ್ಲಿಸಿ ಕ್ಯಾಮೆರಾದ ಕೋನ ವಿವರಿಸಿದರೆ, ಅಮ್ಮ ಮೂಗೊರೆಸಿಕೊಳ್ಳುತ್ತಾ, “ನೆಮ್ಮದಿಯಾಗಿ ಅಳೋಕಾದ್ರೂ ಬಿಡೇ ತಾಯಿ!” ಎಂದು ಬೇಡಿಕೊಳ್ಳುತ್ತಾಳೆ. ಆದರೆ ಕಣ್ಣು ಕಾಣದ ಅಜ್ಜಿಯ ಪಕ್ಕ ಕೂತು ಸಿನಿಮಾ ಹೇಳುವಾಗ ಈ ಪಾಂಡಿತ್ಯವೆಲ್ಲ ಎಲ್ಲಿ ಹೋಗುತ್ತದೋ! ನಿನ್ನೆ ನೋಡಿದ ಸಿನಿಮಾದ ಕೊನೆಗೆ, ಮುನಿಸಿಕೊಂಡ ಮಗ ತಾಯಿಯ ಕಡೆ ತಿರುಗಿಯೂ ನೋಡದೆ ರೈಲು ಹತ್ತಿಬಿಟ್ಟ. ಅಜ್ಜಿ ಮೊಮ್ಮಗಳ ಕೈ ಹಿಡಿದು, “ತಿರುಗಿ ನೋಡಿದ್ನೇನೇ?” ಎಂದಳು. “ನೋಡ್ದ ಅಜ್ಜಿ. ಕೈನೂ ಬೀಸ್ದ.” ಪರದೆಯನ್ನೇ ನೋಡುತ್ತಿದ್ದ ಮನೆಯವರು ಯಾರೂ ತುಟಿ ಪಿಟಕ್ಕೆನ್ನಲಿಲ್ಲ.