ತಾಯತದೊಳಗಿನ ಹುಲಿ

ಮೊನ್ನೆ ಮುಂಜಾನೆ ಪಲಾವಿಗೆಂದು ಬಾಸ್ಮತಿ ಅಕ್ಕಿಯನ್ನು ನೀರಿಗೆ ಹಾಕಿ ಕೈಯಾಡಿಸಿದೆ. ಘಮ್ಮೆಂದಿತು. ಆ ವಾಸನೆಗೆ ನಿಮಗೆ ಮದುವೆ ಮನೆ ನೆನಪಾಗಬಹುದು. ನನಗೆ ಹುಲಿ ನೆನಪಾಗುತ್ತದೆ. ನಗಬೇಡಿ. ಹುಲಿ ತನ್ನ ಜಾಗದ ಗುರುತಿಗಾಗಿ ಗೋಡೆಗೆ, ಗಿಡಕ್ಕೆ ಚಿಮ್ಮಿಸುವ ಉಚ್ಚೆಗೆ ಥೇಟು ಇದೇ ಘಮ. ಇದು ನಾನು ಪುಸ್ತಕ ಓದಿ ತಿಳಿದದ್ದಲ್ಲ, ತಮ್ಮನ ಅಂಗಿ ಒಗೆದು ತಿಳಿದದ್ದು.

ತಮ್ಮ ಕೊಟ್ರೇಶ ದೂರದ ಮೃಗಾಲಯವೊಂದರಲ್ಲಿ ಹುಲಿ ನೋಡಿಕೊಳ್ಳುವ ಕೆಲಸದಲ್ಲಿದ್ದ. ರಜೆ ಸಿಕ್ಕಾಗಲೆಲ್ಲ ಕೊಟ್ಟೂರಿಗೆ, ನಮ್ಮ ಮನೆಗೆ, ಮಾಸಿದ ಖಾಕಿ ಬಟ್ಟೆಯ ಚೀಲದೊಂದಿಗೆ ಬರುತ್ತಿದ್ದ. ಅಲ್ಲಿ ಒಗೆಯುವವರಿರಲಿಲ್ಲವೆಂದಲ್ಲ, ಅಕ್ಕ ಒಗೆದರೇ ಕೊಳೆ ಹೋಗುತ್ತದೆಂದು ಅವನ ನಂಬಿಕೆ. ಅವ್ವ ತೀರಿಕೊಂಡಾಗ ಅವನಿನ್ನೂ ನಡೆಯಲು ಕಲಿಯುತ್ತಿದ್ದ. ಎತ್ತಿ ಬೆಳೆಸಿದವಳು ನಾನೇ. ಏಳನೆಯ ತರಗತಿಗೆ ನನ್ನ ಶಾಲೆ ನಿಂತದ್ದು ಅದಕ್ಕೇ. ಈಗ ನಾನು ನಡೆಸುವ ಹಿಟ್ಟಿನ ಗಿರಣಿಯ ತಕ್ಕಡಿ ಓದಲು ಅಷ್ಟು ಸಾಕು ಬಿಡಿ.

ಅವನು ನೋಡಿಕೊಳ್ಳುತ್ತಿದ್ದ ಹುಲಿಯ ಹೆಸರು ಗಂಗಿ. ಮರಿಯಿದ್ದಾಗ ಬಾಟಲಿಯಲ್ಲಿ ಹಾಲು ಕುಡಿಸಿದವನು ಇವನೇ. ಇವನನ್ನು ಕಂಡರೆ ಅದು ಜಾಲರಿಗೆ ಮುಖ ಒತ್ತಿ ಮೂಗಿನಿಂದ ಫುರ್ ಫುರ್ ಎಂದು ಉಸಿರು ಬಿಡುತ್ತಿತ್ತಂತೆ. ಹುಲಿಗಳಲ್ಲಿ ಅದು ಆರಾಮಿದ್ದೀಯಾ ಎಂದು ಕೇಳಿದ ಹಾಗಂತೆ. ನಮ್ಮ ಪಡಸಾಲೆಯಲ್ಲಿ ಕೂತು ಇವನೂ ತುಟಿ ಅದುರಿಸಿ ಹಾಗೆಯೇ ಮಾಡುತ್ತಿದ್ದ. ನನ್ನ ಮೊಮ್ಮಗಳು ಕೇಕೆ ಹಾಕಿ ನಗುತ್ತಿದ್ದಳು.

ಆ ಮೊಮ್ಮಗಳಿಂದಲೇ ಎಲ್ಲ ಶುರುವಾದದ್ದು. ಮಗು ನಿದ್ದೆಯಲ್ಲಿ ಬೆಚ್ಚಿ ಅಳತೊಡಗಿತು. ಗಿರಣಿಗೆ ಜೋಳ ತಂದ ಹೆಂಗಸರೆಲ್ಲ ಹುಲಿ ಉಗುರು ಕಟ್ಟು, ಹೆದರಿಕೆ ಹತ್ತಿರ ಸುಳಿಯುವುದಿಲ್ಲ ಎಂದರು. ಉಳಿದವರಿಗೆ ಹುಲಿ ಎಲ್ಲಿಂದ ಬರಬೇಕು? ನನಗಾದರೆ ಮನೆಯದೇ ಎನ್ನುವಂಥದ್ದು ಒಂದಿತ್ತಲ್ಲ.

“ಅಷ್ಟು ಉಗುರು ಅದಾವು, ಒಂದಾರ ಉದುರಂಗಿಲ್ಲೇನಲೇ?” ಎಂದು ತಮ್ಮನನ್ನು ಕೇಳಿದೆ.

“ಉದುರಿದ ಸಿಪ್ಪಿನೂ ಆರಿಸಿ ಸಾಹೇಬರ ಕೈಗೆ ಕೊಡಬೇಕಕ್ಕಾ. ಬೇಕಾದ್ರ ನನ್ನ ಉಗುರ ಕತ್ತರಿಸಿ ಕೊಡ್ತೀನಿ, ಅದನ್ನ ಕಟ್ಟು.”

ನಗಿಸಿದ, ಆದರೆ ಜಗ್ಗಲಿಲ್ಲ. ಅಲ್ಲಿ ಮುದಿ ಹುಲಿಯೊಂದು ಸತ್ತಾಗ ಉಗುರು, ಹಲ್ಲು, ಮೀಸೆ ಎಲ್ಲ ಇವೆಯೇ ಎಂದು ನೋಡಿ, ಇಡೀ ದೇಹ ಬೂದಿಯಾಗುವವರೆಗೆ ಅಧಿಕಾರಿಗಳು ನಿಂತೇ ಇದ್ದರಂತೆ. ಬೋನಿನ ಹುಲಿಯ ಒಂದು ಕೂದಲು ಪೇಟೆಗೆ ಬಂದರೂ ಜನಕ್ಕೆ ಆಸೆ ಹುಟ್ಟುತ್ತದೆ, ಆ ಆಸೆ ತೀರಿಸಲು ಇನ್ಯಾರೋ ಕಾಡಿನಲ್ಲಿ ಉರುಲು ಇಡುತ್ತಾರೆ ಎಂದು ಬಿಡಿಸಿ ಹೇಳಿದ. ನಾನು ತಲೆಯಾಡಿಸಿದೆ. ಖಾಕಿ ಹಾಕಿದವರು ಸಣ್ಣದನ್ನು ದೊಡ್ಡದು ಮಾಡುತ್ತಾರೆ ಎಂದುಕೊಂಡೆ.

ಮರುದಿನ ಅವನ ಸ್ವೆಟರ್ ಒಗೆಯಲು ತೆಗೆದರೆ ತೋಳಿನ ಹೆಣಿಗೆಯಲ್ಲಿ ಕೂದಲು ಸಿಕ್ಕಿಕೊಂಡಿದ್ದವು. ಬೋನು ಗುಡಿಸುವಾಗ ಅಂಟಿದ್ದಿರಬೇಕು. ಬುಡ ಬಿಳಿ, ತುದಿ ಕೆಂಚು. ಕದಿಯುತ್ತಿದ್ದೇನೆ ಎಂದು ನನಗೆ ಅನ್ನಿಸಲೇ ಇಲ್ಲ. ಒಗೆದರೆ ಬಚ್ಚಲಿಗೆ ಹೋಗುವ ವಸ್ತು. ಬೆಳ್ಳಿಯ ತಾಯತದಲ್ಲಿ ತುಂಬಿಸಿ ಮಗುವಿನ ಕೊರಳಿಗೆ ಕಟ್ಟಿದೆ. ಮಗು ನೆಮ್ಮದಿಯಾಗಿ ಮಲಗಿತು. ಹಲ್ಲು ಹೊರಬಂತು, ಅದಕ್ಕೇ ಮಲಗಿತು ಎಂದು ಮಗಳು ಹೇಳಿದಳು. ನಾನು ಕೇಳಬೇಕಲ್ಲ! ಎಲ್ಲ ತಮ್ಮನ ಹುಲಿಯ ಕೂದಲಿನ ಪ್ರತಾಪವೆಂದು ಗಿರಣಿಯ ಸದ್ದನ್ನೂ ಮೀರಿಸಿ ಹೇಳಿಕೊಂಡೆ.

ಕೆಲವು ದಿನಗಳಲ್ಲೇ ಕಾಳಿನ ಚೀಲವಿಲ್ಲದ ಗಿರಾಕಿಯೊಬ್ಬ ಗಿರಣಿಗೆ ಬಂದ. ಕೆಂಪು ಬೈಕು, ನಯವಾದ ಮಾತು.

“ನಿಮ್ಮ ತಮ್ಮಾರು ಏನೂ ತರೋದು ಬ್ಯಾಡ್ರಿ ಅಕ್ಕಾರ. ಕಾಡಿನ ಮಾಲು ನಮ್ಮ ಕಡಿಗೆ ಬರ್ತೈತಿ. ಉಗುರು ಅಸಲೀನೋ ನಕಲೀನೋ, ಅಷ್ಟು ನೋಡಿ ಹೇಳಿದ್ರ ಸಾಕು. ಕೂದಲ ಕೊಟ್ಟವ್ರಿಗೆ ಇದೇನು ದೊಡ್ಡದ್ರಿ?”

ಬೀಸುತ್ತಿದ್ದ ಕಲ್ಲು ಹಾಗೇ ತಿರುಗುತ್ತಿತ್ತು, ನನ್ನ ಕೈ ನಿಂತಿತು. ನಮ್ಮ ಗಿರಣಿಯನ್ನು ಎಂದೂ ಕಾಣದ ಯಾವುದೋ ಹುಲಿ, ಯಾವುದೋ ಕಾಡಿನಲ್ಲಿ, ಪಂಜಾ ಕತ್ತರಿಸಿಕೊಂಡು ಬಿದ್ದಿರುವುದು ಕಣ್ಣ ಮುಂದೆ ಬಂತು. ಅವನನ್ನು ಬೈದು ಓಡಿಸಿದೆ. ಬೈಯುವುದರಲ್ಲಿ ನನ್ನನ್ನು ಮೀರಿಸುವವರು ಕೊಟ್ಟೂರಿನಲ್ಲಿಲ್ಲ. ತಾಯತ ಬಿಚ್ಚಿ ಸಾಸಿವೆ ಡಬ್ಬಿಯಲ್ಲಿ ಅಡಗಿಸಿಟ್ಟೆ.

ಆದರೆ ಸುದ್ದಿ ನನಗಿಂತ ಮುಂದೆ ಓಡಿತ್ತು. ನಿಮ್ಮ ಕೊಟ್ರೇಶ ಹುಲಿ ಕೂದಲು ಹಂಚುತ್ತಾನೆ ಎಂದು ಯಾರೋ ಮೃಗಾಲಯಕ್ಕೆ ತಿಳಿಸಿದರು. ವಿಚಾರಣೆಯಾಯಿತು. ಸಾಕ್ಷಿ ಸಿಗಲಿಲ್ಲ, ಸಂಶಯವೂ ಹೋಗಲಿಲ್ಲ. ಗಂಗಿಯಿಂದ ಬಿಡಿಸಿ ಅವನನ್ನು ಜಿಂಕೆಗಳ ಕಡೆಗೆ ಹಾಕಿದರು.

ಜೊತೆಯಲ್ಲಿ ಕೆಲಸ ಮಾಡುವ ಗೆಳೆಯನೇ ಚಾಡಿ ಹೇಳಿದ್ದಾನೆಂದು ತಮ್ಮ ಅವನೊಡನೆ ಮಾತು ಬಿಟ್ಟ. ತಮ್ಮನ ತಟ್ಟೆಗೆ ರೊಟ್ಟಿ ಹಾಕುತ್ತಾ ನಾನು, ಜನ ಹಾಗೆಯೇ ಬಿಡು ಎಂದೆ. ಕೂದಲು ತೆಗೆದದ್ದಕ್ಕಿಂತ ಆ ಮಾತು ಆಡಿದ್ದೇ ನನ್ನನ್ನು ಹೆಚ್ಚು ಸುಡುತ್ತದೆ. ಆಮೇಲೆ ಅವನು ಫುರ್ ಎನ್ನುವುದನ್ನು ನಿಲ್ಲಿಸಿದ. ಮಗು ತಾನೇ ತುಟಿ ಅದುರಿಸಿ ತೋರಿಸಿದರೂ ಬೇರೆ ಕಡೆ ನೋಡುತ್ತಿದ್ದ. ಒಗೆಯಲು ತಂದ ಅಂಗಿಗಳಲ್ಲಿ ಬರಿಯ ಹುಲ್ಲಿನ ವಾಸನೆ.

ಮೊನ್ನೆ ಅವನು ಊಟಕ್ಕೆ ಬರುವವನಿದ್ದ. ಅಕ್ಕಿ ನೀರಿನ ಆ ಘಮ ಮೂಗಿಗೆ ಬಡಿದಾಗಲೇ ಸಾಸಿವೆ ಡಬ್ಬಿಗೆ ಕೈ ಹಾಕಿದೆ. ಪಲಾವು ಬಡಿಸಿ, ತಾಯತವನ್ನು ತಟ್ಟೆಯ ಪಕ್ಕ ಇಟ್ಟು, ಎಲ್ಲ ಹೇಳಿದೆ. ಅವನು ಅದನ್ನು ಮುಟ್ಟಲಿಲ್ಲ.

“ಒಲಿಗೆ ಹಾಕಿಬಿಡಕ್ಕಾ,” ಎಂದ. “ಇದನ್ನ ಇಟ್ಕೊಂಡಿದ್ದಕ್ಕ ನಿನ್ನ ಮ್ಯಾಲೆ ಕೇಸ್ ಆಗ್ತೈತಿ.”

ನಿಯಮ ಬಿಟ್ಟು ಕದಲದವನು ನನಗಾಗಿ ಕದಲಿದ್ದ. ಅದನ್ನು ನೋಡಲು ನನ್ನಿಂದಾಗಲಿಲ್ಲ.

“ಒಲಿಗೆ ಹಾಕಿದ್ರ ಕೂದಲ ಸುಡತೈತಿ. ನಿನ್ನ ಹೆಸರಿಗೆ ಹತ್ತಿದ್ದು ಸುಡತೈತೇನು? ಉಣ್ಣು, ಉಂಡು ಗಾಡಿ ತಗಿ. ನಿಮ್ಮ ಸಾಹೇಬರ ಮುಂದ ನಾನ ಹೇಳ್ತೀನಿ. ಆ ಕೆಂಪು ಗಾಡಿಯವನ ಗುರುತೂ ಹೇಳ್ತೀನಿ.”

“ಹೇಳು. ಸಾಹೇಬರನ್ನ ಬೈಬ್ಯಾಡ ಮತ್ತ,” ಎಂದು ತಟ್ಟೆ ಎಳೆದುಕೊಂಡ.

ಹೇಳಿ ಬಂದಿದ್ದೇನೆ. ನನಗೇನು ಶಿಕ್ಷೆಯೋ, ಅವನು ಗಂಗಿಯ ಬಳಿಗೆ ಮರಳುತ್ತಾನೋ, ಇನ್ನೂ ತಿಳಿದಿಲ್ಲ. ಬಂದದ್ದು ಬರಲಿ. ಗಿರಣಿಯಲ್ಲಿ ಈಗ ಯಾರಾದರೂ ಹುಲಿ ಉಗುರಿನ ಮಾತೆತ್ತಿದರೆ ಮೊದಲು ನನ್ನ ಕತೆ ಕೇಳಿಯೇ ಹಿಟ್ಟು ಒಯ್ಯಬೇಕು.

ಅಂದು ಹೊರಡುವಾಗ ತಾಯತವನ್ನು ಸೆರಗಿಗೆ ಗಂಟು ಕಟ್ಟಿಕೊಂಡು ಬೈಕಿನ ಹಿಂದೆ ಕೂತೆ. ಕೂಡ್ಲಿಗಿ ದಾಟುವಾಗ ಗಾಳಿ ಜೋರಾಯಿತು. ತಮ್ಮನ ಭುಜ ಹಿಡಿದೆ. ಅವನ ಅಂಗಿಯಿಂದ ಹುಲ್ಲಿನ ವಾಸನೆ ಬರುತ್ತಿತ್ತು. ಹುಲಿಯ ವಾಸನೆ ಅಕ್ಕಿ ತೊಳೆದ ನನ್ನ ಕೈಯಲ್ಲಿತ್ತು.