ರೆಪ್ಪೆಯೊಳಗಿನ ಧೂಳು

ಜೋಗುಪಾಳ್ಯಕ್ಕೆ ಬಂದು ಹದಿನೈದು ದಿನವೂ ಆಗಿರಲಿಲ್ಲ. ಒಂದು ಬೆಳಿಗ್ಗೆ ನನ್ನ ಮುಖ ಕಂಡದ್ದೇ ತಡ, ವಠಾರದ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಮನೆಯೊಡತಿ ಮುನಿಯಮ್ಮ ಮೊಮ್ಮಗಳನ್ನು ಸೆರಗಿನಲ್ಲಿ ಮರೆಮಾಡಿಕೊಂಡು, "ಮೆಡ್ರಾಸ್ ಐ ಬಂದೈತೆ ನಿಂಗೆ. ವಾಸಿಯಾಗೋವರ್ಗೂ ಈ ಕಡೆ ಬರ್ಬೇಡಮ್ಮ" ಎಂದರು.

ನಮ್ಮ ಬಾಗಲಕೋಟೆ ಕಡೆ ಕಣ್ಣು ಕೆಂಪಾದರೆ ಯಾರೂ ಬಾಗಿಲು ಹಾಕುವುದಿಲ್ಲ. ಕೆಂಪಾಗದ ಕಣ್ಣೇ ಅಲ್ಲಿ ಅಪರೂಪ. ಇಲ್ಲಿಯ ತಮಿಳರಿಗೋ 'ಕಣ್ಣು' ಎಂದರೆ ಮುದ್ದಿನ ಕರೆ. ಮಕ್ಕಳನ್ನು ಹಾಗೇ ಕೂಗುತ್ತಾರೆ. ಆ ಕೂಗು ಕೇಳಿದಾಗಲೆಲ್ಲ ನನಗೇ ಏನೋ ಅಂದಂತೆ ಬೆಚ್ಚುತ್ತಿದ್ದೆ.

ಯುದ್ಧದ ದಿನಗಳು. ನನ್ನ ಯಜಮಾನರಿಗೆ ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಉಗ್ರಾಣದ ಕೆಲಸ. ಅವರು ರಜೆ ಹಾಕಿ ನನ್ನನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ರೆಪ್ಪೆ ಮಗುಚಿ ನೋಡಿ ಕೇಳಿದರು: "ಯಾವ ಸೀಮೆಯಮ್ಮ ನಿಮ್ಮದು?"

ಹೇಳಿದೆ.

"ಇದು ಮೆಡ್ರಾಸ್ ಐ ಅಲ್ಲ. ಅದು ವಾರದಲ್ಲಿ ಹೋಗುತ್ತೆ. ಇದು ಟ್ರಕೋಮಾ. ನೀರು ಕಡಿಮೆ, ನೊಣ ಜಾಸ್ತಿ ಇರೋ ಒಣ ಸೀಮೆಗಳಲ್ಲಿ ಹೆಚ್ಚು. ಒಂದೇ ಬಟ್ಟೇಲಿ ಮನೆಮಂದಿಯೆಲ್ಲ ಮುಖ ಒರೆಸ್ತೀರಲ್ಲ, ಅದರಿಂದಲೂ ಹರಡುತ್ತೆ. ನಿಮಗೆ ಚಿಕ್ಕಂದಿನಲ್ಲೇ ಅಂಟಿದೆ."

ಈ ಊರು ನನಗೆ ರೋಗ ಕೊಟ್ಟಿತೆಂದು ಶಪಿಸುತ್ತಿದ್ದೆ. ನಾನೇ ಅದನ್ನು ರೆಪ್ಪೆಯೊಳಗಿಟ್ಟುಕೊಂಡು ರೈಲು ಹತ್ತಿದ್ದೆ.

ಆಸ್ಪತ್ರೆಯಲ್ಲಿ ಚಿಕಿತ್ಸೆಗೆಂದು ರೆಪ್ಪೆಯೊಳಗೆ ಮೈಲುತುತ್ತದ ಕಡ್ಡಿ ಉಜ್ಜುವಾಗ ಜೀವವೇ ಹೋದಂತಾಗುತ್ತಿತ್ತು. ಆಗೆಲ್ಲ ಅವ್ವನ ನೆನಪು. ಅವಳ ರೆಪ್ಪೆಗೂದಲು ಒಳಕ್ಕೆ ತಿರುಗಿ ಕಣ್ಣುಗುಡ್ಡೆಗೆ ಚುಚ್ಚುತ್ತಿದ್ದವು. ಹೊಸ್ತಿಲಲ್ಲಿ ಕೂತು ಚಿಮಟದಿಂದ ಕಿತ್ತುಕೊಳ್ಳುವಳು. ಅದು ವಯಸ್ಸಾದ ಹೆಂಗಸರ ಪಾಡೆಂದೇ ನಾವು ತಿಳಿದಿದ್ದೆವು.

ನನ್ನ ಕಣ್ಣು ತಿಳಿಯಾದದ್ದೇ ಅವಳನ್ನು ಕರೆತಂದೆ. "ನಮ್ಮ ಕಡಿ ಹೆಣ್ಮಕ್ಕಳಿಗೆ ಇದು ಇದ್ದದ್ದ ಬಿಡವಾ" ಎಂದು ದಾರಿಯುದ್ದಕ್ಕೂ ಗೊಣಗಿದಳು. ಬಲಗಣ್ಣು ಆಗಲೇ ಬೆಳ್ಳಗಾಗಿ ಹೋಗಿತ್ತು. ಎಡಗಣ್ಣಿನ ರೆಪ್ಪೆಗೆ ಆಪರೇಷನ್ ಮಾಡಿದರು. ಪಟ್ಟಿ ಬಿಚ್ಚಿದಾಗ ನನ್ನನ್ನು ದಿಟ್ಟಿಸಿ, "ಎಷ್ಟ ಸೊರಗಿಯಲ್ಲ!" ಎಂದಳು. ಅವ್ವನಿಗೆ ಗಂಜಿ ತಂದು ಪಕ್ಕದಲ್ಲಿ ನಿಂತಿದ್ದ ಮುನಿಯಮ್ಮ ಅತ್ತುಬಿಟ್ಟರು. ಅಂದಿನಿಂದ ಅವರ ಮೊಮ್ಮಗಳು ನನ್ನ ಮಡಿಲಿಗೂ ಬರತೊಡಗಿದಳು.

ಅವ್ವನನ್ನು ಬಿಡಲು ಊರಿಗೆ ಹೋದೆ. ಅಣ್ಣನ ಕಿರಿಮಗಳ ರೆಪ್ಪೆ ಆಗಲೇ ಊದಿ ಕೆಂಪಾಗಿತ್ತು. ನಿತ್ಯ ಮುಖ ತೊಳೆಸಿ ಎಂದೆ.

"ಕುಡಿಯಾಕ ನೀರಿಲ್ಲ, ಮಾರಿ ಎಲ್ಲಿ ತೊಳಿಯೂದು?" ಎಂದಳು ಅತ್ತಿಗೆ. ಸಿಟ್ಟಿನ ಮಾತಲ್ಲ, ದಣಿವಿನದು.

"ಇಕಿನ್ನ ನನ್ನ ಜೋಡಿ ಕಳಸ್ರಿ, ವೈನಿ."

"ಒಬ್ಬಾಕಿನ್ನ ಒಯ್ದರ ಉಳಿದವ್ರು?"

ನಾನು ಹೊರಡುವ ಹೊತ್ತಿಗೆ ಅತ್ತಿಗೆಯೇ ಮಗುವನ್ನು ತಂದು ನನ್ನ ಕೈಗಿಟ್ಟು, ತಿರುಗಿ ನೋಡದೆ ಒಳಗೆ ಹೋದಳು.

ಮಗುವನ್ನೆತ್ತಿಕೊಂಡು ಬಂಡಿ ಹತ್ತಿದೆ. ಊರಬಾಗಿಲ ಅಗಸೆಯ ಬಳಿ ಕೂತಿದ್ದ ಮುದುಕರೊಬ್ಬರು ಕೇಳಿದರು: "ಊರಿಗೆ ಹೊಂಟ್ಯೇನವಾ?"

ನಾನು ಹುಟ್ಟಿದ ಊರಿನಿಂದಲೇ ಹೊರಟಿದ್ದೆ. ಆದರೂ ಬಾಯಿಗೆ ಬಂದದ್ದು "ಹೌದ್ರಿ" ಎಂದೇ.