ಕಂಡರೂ ಮಾತಾಡಿಸದ ಬೀಗದಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಬಾಗಿಲಲ್ಲಿ ರಾತ್ರಿ ಪಾಳಿಯ ಕಾವಲುಗಾರ ಕುರ್ಚಿಯಲ್ಲೇ ತೂಕಡಿಸುತ್ತಿದ್ದಾನೆ. ಅವನ ನಿದ್ದೆ ಕೆಡಿಸದೆ, ಚಪ್ಪಲಿಯ ಸದ್ದೂ ಆಗದಂತೆ ಒಬ್ಬ ಹೆಂಗಸು ನೆಲಮಾಳಿಗೆಯ ಮೆಟ್ಟಿಲು ಇಳಿಯುತ್ತಾರೆ. ಕೈಚೀಲದ ತಳದಿಂದ ಬೀಗದ ಕೈ ತೆಗೆದು ಬಾಗಿಲು ತೆರೆಯುತ್ತಾರೆ, ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾರೆ. ಟ್ಯೂಬ್‌ಲೈಟು ಮಿಣುಕಿ ಮಿಣುಕಿ ಹತ್ತಿಕೊಂಡಾಗ ಕಾಣುವುದು ಸೂರಿನವರೆಗೂ ಏರಿದ ಕಬ್ಬಿಣದ ಕಪಾಟುಗಳು, ಅವುಗಳ ತುಂಬ ಫೈಲುಗಳು.

ಮೇಜಿನ ಮೇಲೆ ಹಿಂದಿನ ಸಂಜೆ ಮೇಲಿನ ಮಹಡಿಯಿಂದ ಬಂದ ಚೀಟಿಗಳ ಕಟ್ಟು ಇದೆ. ಇವತ್ತು ಯಾರು ಯಾರು ಬರುತ್ತಾರೆ, ಯಾರ ಫೈಲು ಮೇಲಕ್ಕೆ ಹೋಗಬೇಕು ಎಂಬುದು ಆ ಚೀಟಿಗಳಲ್ಲಿರುತ್ತದೆ. ಕನ್ನಡಕ ಏರಿಸಿಕೊಂಡು ಇಡೀ ಕಟ್ಟನ್ನು ಒಂದು ಸಲ ತಿರುವಿ ಹಾಕುತ್ತಾರೆ, ಯಾವುದೋ ಒಂದು ಹೆಸರನ್ನು ಹುಡುಕುವವರ ಹಾಗೆ. ಅದು ಸಿಗುವುದಿಲ್ಲ. ಸಣ್ಣಗೆ ಉಸಿರು ಬಿಟ್ಟು ಕೆಲಸಕ್ಕೆ ಕೂರುತ್ತಾರೆ.

ಆಸ್ಪತ್ರೆಯಲ್ಲಿ ಇವರು ಎಲ್ಲರ ಬಾಯಲ್ಲೂ ಬೀಗದಕ್ಕ. ಮನಸ್ಸಿನ ಕಾಯಿಲೆಗೆ ಔಷಧಿ, ಸಂಸಾರದ ತಾಪತ್ರಯಕ್ಕೆ ಸಮಾಲೋಚನೆ ಎರಡೂ ಇಲ್ಲಿ ಒಂದೇ ಸೂರಿನಡಿ ಸಿಗುತ್ತವೆ. ಹೆತ್ತವರ ಹತ್ತಿರ ಆಡಲಾಗದ್ದನ್ನು, ಕಟ್ಟಿಕೊಂಡವರ ಹತ್ತಿರ ಆಡಬಾರದ್ದನ್ನು ಜನ ಮೇಲಿನ ಮಹಡಿಯ ಸಣ್ಣ ಕೋಣೆಗಳಲ್ಲಿ ಅತ್ತು ಹೇಳಿಕೊಂಡು ಹಗುರಾಗಿ ಹೋಗುತ್ತಾರೆ. ಅವರು ಇಳಿಸಿಹೋದ ಭಾರವೆಲ್ಲ ಕಾಗದವಾಗಿ ಈ ನೆಲಮಾಳಿಗೆಗೆ ಬರುತ್ತದೆ. ದಿನಕ್ಕೆ ನೂರರ ಆಸುಪಾಸು ಫೈಲುಗಳು ಹತ್ತಿ ಇಳಿಯುತ್ತವೆ. ಅವುಗಳ ಲೆಕ್ಕ ಇಡುವುದು, ಅವು ಕಂಡವರ ಕೈಗೆ ಸಿಗದಂತೆ ಕಾಯುವುದು ಬೀಗದಕ್ಕನ ಕೆಲಸ.

ಗಂಡ ಹೆಂಡತಿ ಕೋರ್ಟಿನ ಮೆಟ್ಟಿಲು ಹತ್ತಿದರೆಂದರೆ ಈ ಫೈಲುಗಳಿಗೆ ಎಲ್ಲಿಲ್ಲದ ಬೆಲೆ ಬಂದುಬಿಡುತ್ತದೆ. ಮಾತ್ರೆ ನುಂಗಿದೆಯಾ ಎಂದು ಒಂದು ದಿನವೂ ಕೇಳದ ಗಂಡನಿಗೆ ಹೆಂಡತಿ ಯಾವ ಮಾತ್ರೆ ನುಂಗುತ್ತಿದ್ದಳು ಎಂಬುದು ತುರ್ತಾಗಿ ಬೇಕಾಗುತ್ತದೆ. ಹೆಂಡತಿಯರೇನೂ ಕಡಿಮೆಯಿಲ್ಲ, ಗಂಡ ಕುಡಿತ ಬಿಡಲು ಸೇರಿದ್ದ ದಿನಗಳ ದಾಖಲೆಗೆ ತವರಿನವರನ್ನೆಲ್ಲ ಕಟ್ಟಿಕೊಂಡು ಬರುತ್ತಾರೆ. ನಿನ್ನೆಯಷ್ಟೇ ಒಬ್ಬರು ಬಂದಿದ್ದರು. ಕೈಯಲ್ಲಿ ಹಣ್ಣಿನ ಚೀಲ, ಬಾಯಲ್ಲಿ ಬೆಣ್ಣೆಯಂಥ ಮಾತು. ಹೆಂಡತಿಗೆ ಓಡಾಡಲು ಆಗುತ್ತಿಲ್ಲ, ಔಷಧಿ ಚೀಟಿ ಕಳೆದುಹೋಗಿದೆ, ಒಂದು ನಕಲು ಕೊಟ್ಟರೆ ಪುಣ್ಯ ಬರುತ್ತದೆ ಎಂದರು. ಬೀಗದಕ್ಕ ಹಣ್ಣನ್ನೂ ಮುಟ್ಟಲಿಲ್ಲ, ಮಾತಿಗೂ ಕರಗಲಿಲ್ಲ. ಬೆಣ್ಣೆಯ ಬಾಯಿ ಕ್ಷಣದಲ್ಲಿ ಬೈಗುಳದ ಬಾಯಿಯಾಯಿತು.

“ಆ ಹೆಸರಿನವರು ಇಲ್ಲಿಗೆ ಬರ್ತಾರೆ ಅಂತಾನೂ ಹೇಳಲ್ಲ, ಬರಲ್ಲ ಅಂತಾನೂ ಹೇಳಲ್ಲ” ಎನ್ನುತ್ತಾರೆ ಬೀಗದಕ್ಕ. “ಒಬ್ಬರಿಗೆ ‘ಇಲ್ಲ’ ಅಂದು, ಇನ್ನೊಬ್ಬರಿಗೆ ‘ಹೇಳೋಕಾಗಲ್ಲ’ ಅಂದ್ರೆ ಆ ಎರಡನೇ ಮಾತಲ್ಲೇ ಎಲ್ಲಾ ಬಯಲಾಯ್ತಲ್ಲ. ಅದಕ್ಕೇ ಎಲ್ಲರಿಗೂ ಒಂದೇ ಉತ್ತರ.”

ಕೋರ್ಟಿನಿಂದಲೇ ಸಮನ್ಸ್ ಬಂದರೆ ಈ ಉತ್ತರ ನಡೆಯುವುದಿಲ್ಲ. ಆಗ ಆಸ್ಪತ್ರೆಯ ವಕೀಲರೂ ಆಪ್ತ ಸಮಾಲೋಚಕಿಯೂ ಕೂತು ಕೋರ್ಟು ಕೇಳಿದ್ದೆಷ್ಟು, ಕೇಳದ್ದೆಷ್ಟು ಎಂದು ನೋಡುತ್ತಾರೆ. ಕೊಡಬೇಕಿಲ್ಲದ ಸಾಲುಗಳ ಪಕ್ಕ ಪೆನ್ಸಿಲಿನ ಗುರುತು ಬೀಳುತ್ತದೆ. ಇಂದಿನ ಬೆಳಗಿನ ಕೆಲಸ ಅದೇ. ಗುರುತು ಬಿದ್ದ ಹಾಳೆಯ ನಕಲು ತೆಗೆದು, ಮುಚ್ಚಬೇಕಾದ ಸಾಲಿನ ಅಳತೆಗೆ ಬಿಳಿ ಕಾಗದದ ಪಟ್ಟಿ ಕತ್ತರಿಸಿ ಅಂಟಿಸುತ್ತಾರೆ. ಅದನ್ನು ಮತ್ತೊಮ್ಮೆ ನಕಲು ತೆಗೆಯುತ್ತಾರೆ. ಹೊರಗೆ ಹೋಗುವುದು ಈ ಎರಡನೆಯ ನಕಲು. ಮೊದಲನೆಯದನ್ನು ಚೂರುಚೂರು ಮಾಡುತ್ತಾರೆ. ಕಪ್ಪು ಮಸಿ ಬಳಿದರೆ ಸಾಲದೇ ಎಂದರೆ, ಹಳೆಯ ಕ್ಯಾಲೆಂಡರಿನ ಹಾಳೆಗೆ ಮಸಿ ಬಳಿದು ಬೆಳಕಿಗೆ ಹಿಡಿದು ತೋರಿಸುತ್ತಾರೆ. ಮಸಿಯ ಹಿಂದಿನಿಂದ ವಾರದ ಹೆಸರುಗಳು ಒಂದೊಂದಾಗಿ ಎದ್ದು ಬರುತ್ತವೆ.

ಅಂಟಿಸುವಾಗ ಓದುವುದಿಲ್ಲವೇ ಎಂದು ಕೇಳಿದರೆ ಅವರಿಗೆ ಸಿಟ್ಟು ಬರುವುದಿಲ್ಲ. “ಕಣ್ಣಿಗೆ ಬೀಳುತ್ತೆ. ಬೀಳಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಮನೆಗೆ ಹೊತ್ಕೊಂಡು ಹೋಗಲ್ಲ, ಇಲ್ಲೇ ಇಳಿಸಿ ಹೋಗ್ತೀನಿ.” ಪಟ್ಟಿಯ ಅಂಚನ್ನು ಉಗುರಿನಿಂದ ತೀಡುತ್ತ ಇನ್ನೊಂದು ಮಾತು ಸೇರಿಸುತ್ತಾರೆ. “ಕೆಲವು ಇಳಿಯಲ್ಲ.”

ಇದೇ ಆಸ್ಪತ್ರೆಗೆ ನೆಲ ಒರೆಸುವ ಕೆಲಸಕ್ಕೆಂದು ಬಂದವರು ಇವರು. ಆಗಿನ ರೆಕಾರ್ಡು ಕೋಣೆಯ ಮುದುಕರು, ಈಕೆ ಕಸದ ಬುಟ್ಟಿಯ ಕಾಗದವನ್ನೂ ಮಡಿಸಿ ಒಯ್ಯುವುದನ್ನು ಕಂಡು, ಕೈಗೆ ಫೈಲು ಕೊಟ್ಟು ಕೆಲಸ ಕಲಿಸಿದರು. ಅವರು ಹೋದ ಮೇಲೆ ಬೀಗದ ಕೈ ಇವರಿಗೆ ಬಂತು. ಸಂಬಳ ಮಾತ್ರ ಬಹಳ ವರ್ಷ ನೆಲ ಒರೆಸುವವರದ್ದೇ ಆಗಿತ್ತು. ಗಾಳಿಯಾಡದ ಕೋಣೆಯ ಧೂಳು ಎದೆಗೆ ಇಳಿದು ಕೆಮ್ಮು ಕಾಯಂ ನೆಂಟನಾಗಿದೆ. ಮನೆಯಲ್ಲಿ ಗಂಡ, ಲೇತ್ ಕಾರ್ಖಾನೆಯಿಂದ ನಿವೃತ್ತರಾದವರು, ಊಟಕ್ಕೆ ಕೂತಾಗಲೆಲ್ಲ ಅದೇ ತಮಾಷೆ ಮಾಡುತ್ತಾರಂತೆ: ಅಕ್ಕಪಕ್ಕದವರ ಹೆಂಡಿರು ಸಂತೆಗೆ ಹೋಗಿ ಬಂದರೂ ಬುಟ್ಟಿ ತುಂಬ ಸುದ್ದಿ ತರುತ್ತಾರೆ, ನನ್ನವಳು ಸುದ್ದಿಯ ಗೋದಾಮಿನಲ್ಲೇ ಕೂತು ಬರಿಗೈಲಿ ಬರುತ್ತಾಳೆ ಎಂದು.

ಇಷ್ಟೆಲ್ಲ ಕಟ್ಟುನಿಟ್ಟಿನ ಈ ಹೆಂಗಸಿನ ಕೈಯಿಂದ ಒಂದು ಕಾಗದವೂ ಹೊರಬಿದ್ದಿಲ್ಲ. ಹೊರಬಿದ್ದದ್ದು ಒಂದು ಮಾತು.

ಒಬ್ಬ ಚಿಕ್ಕ ವಯಸ್ಸಿನ ತಾಯಿ ವಾರಕ್ಕೊಮ್ಮೆ, ಮನೆಯವರಿಗೆ ತಿಳಿಯದ ಹಾಗೆ, ಸಮಾಲೋಚನೆಗೆ ಬರುತ್ತಿದ್ದಳು. ಇನ್ನೂ ಗಂಡನ ಮನೆಯಲ್ಲೇ ಇದ್ದರೂ ಬೇರೆಯಾಗುವ ಮಾತು ಆಗಲೇ ನಡೆದಿತ್ತು. ಮಗಳು ಯಾರ ಬಳಿ ಇರಬೇಕು ಎನ್ನುವುದೊಂದೇ ಇತ್ಯರ್ಥವಾಗದೆ ಉಳಿದಿತ್ತು. ಮೊದಮೊದಲು ರೆಕಾರ್ಡು ಕೋಣೆಯ ಕಿಟಕಿಯಲ್ಲಿ ಕಾರ್ಡು ಕೊಡುವಾಗ ಆಕೆ ತಲೆಯನ್ನೇ ಎತ್ತುತ್ತಿರಲಿಲ್ಲ. ಬರಬರುತ್ತ ತಲೆ ಎತ್ತಿದಳು, ಒಂದು ದಿನ ನಕ್ಕಳು ಕೂಡ. ಸ್ವಂತ ಮಗಳು ನಕ್ಕಷ್ಟು ಸಂತೋಷವಾಯಿತು ಬೀಗದಕ್ಕನಿಗೆ. ಆಮೇಲೆ ಎರಡು ವಾರ ಆಕೆ ಬರಲಿಲ್ಲ. ಒಂದು ಸಂಜೆ ಕೆಲಸ ಮುಗಿಸಿ ಬೀಗದಕ್ಕ ಚಪ್ಪಲಿ ಹೊಲಿಸಲು ನಿಂತಿದ್ದಾಗ, ಪಕ್ಕದ ಅಂಗಡಿಯಲ್ಲಿ ಆಕೆ ಮಗಳಿಗೆ ಶಾಲೆಯ ಬೂಟು ನೋಡುತ್ತಿದ್ದಳು. ಕಂಡ ಖುಷಿಗೆ ಮಾತು ಹೊರಟೇಹೋಯಿತು.

“ಏನಮ್ಮಾ, ಎರಡು ವಾರದಿಂದ ಬಂದೇ ಇಲ್ಲ? ಮೇಡಂ ಕೇಳ್ತಿದ್ರು.”

ಆಕೆಯ ಮುಖ ಬಿಳಿಚಿಕೊಂಡಿತು. ಮಗುವಿನ ಕೈ ಹಿಡಿದು ಪಕ್ಕದಲ್ಲೇ ನಿಂತಿದ್ದ ಗಂಡನ ಅಕ್ಕ ಬೀಗದಕ್ಕನ ಕಣ್ಣಿಗೆ ಬಿದ್ದದ್ದು ಆಗ. ಎಲ್ಲಿಗೆ ಬಂದಿಲ್ಲ, ಯಾವ ಮೇಡಂ ಎಂದು ಆ ಅತ್ತಿಗೆ ಕೇಳಿದಳು. ಹೊಲಿಗೆ ಕ್ಲಾಸಿನ ಮೇಡಂ ಎಂದು ಆ ತಾಯಿ ಮಾತು ತೇಲಿಸಿದಳು. ಬೀಗದಕ್ಕನೂ ಹೌದು ಹೌದು ಎಂದರು. ಆದರೆ ಅತ್ತಿಗೆಯ ಕಣ್ಣು ಬೀಗದಕ್ಕನ ಕೊರಳ ಮೇಲಿತ್ತು. ಆಸ್ಪತ್ರೆಯ ಹೆಸರು ಬರೆದ ಗುರುತಿನ ಚೀಟಿ ಅಲ್ಲೇ ನೇತಾಡುತ್ತಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೀಗದಕ್ಕ ಮರುದಿನವೇ ಸಮಾಲೋಚಕಿಯ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿ ಅತ್ತರು, ಬೈಸಿಕೊಂಡರು. ಅತ್ತರೆ ಆಡಿದ ಮಾತು ವಾಪಸು ಬರುತ್ತದೆಯೇ? ತಿಂಗಳೊಳಗೆ ಗಂಡನ ವಕೀಲರು ಕೋರ್ಟಿಗೆ ಅರ್ಜಿ ಹಾಕಿದರು. ತಾಯಿಗೆ ಮನಸ್ಸಿನ ಸ್ಥಿಮಿತವಿಲ್ಲ, ಮಗು ಆಕೆಯ ಕೈಯಲ್ಲಿ ಸುರಕ್ಷಿತವಲ್ಲ, ಆಸ್ಪತ್ರೆಯ ಫೈಲು ತರಿಸಬೇಕು ಎಂದು. ಆಸ್ಪತ್ರೆಯವರು ಎಷ್ಟೋ ವಾದ ಮಾಡಿ, ಕೇಳಿದಷ್ಟನ್ನು ಮಾತ್ರ ಮೊಹರು ಹಾಕಿದ ಲಕೋಟೆಯಲ್ಲಿ ನ್ಯಾಯಾಧೀಶರ ಕೈಗೇ ಕೊಡುವಂತೆ ಆದೇಶ ಪಡೆದರು. ಪಟ್ಟಿ ಅಂಟಿಸಿದವರೂ, ಅರಗು ಕರಗಿಸಿ ಮೊಹರು ಒತ್ತಿದವರೂ ಬೀಗದಕ್ಕನೇ. ಲಕೋಟೆ ಒಯ್ಯುವ ಕೆಲಸವನ್ನೂ ಕೇಳಿ ಪಡೆದರು.

ಕೋರ್ಟಿನ ಮೊಗಸಾಲೆಯ ಬೆಂಚಿನಲ್ಲಿ ಲಕೋಟೆಯನ್ನು ತೊಡೆಯ ಮೇಲಿಟ್ಟು, ಎರಡೂ ಕೈ ಅದರ ಮೇಲಿಟ್ಟು ಕೂತಿದ್ದರಂತೆ. ಗಂಡನ ಕಡೆಯವರು ಹೋಗುತ್ತ ಬರುತ್ತ ಅದನ್ನೇ ನೋಡುತ್ತಿದ್ದರು. ಕೇಸು ಕೂಗಿದರು. ಒಳಗೆ ಹೋದರೆ ಲಕೋಟೆಯನ್ನು ಯಾರೂ ಕೇಳಲೇ ಇಲ್ಲ. ಹಿಂದಿನ ದಿನವೇ ಆ ತಾಯಿ ರಾಜಿಗೆ ಒಪ್ಪಿಬಿಟ್ಟಿದ್ದಳು. ಮಗಳು ಅಪ್ಪನ ಬಳಿ ಇರುವುದು, ತಿಂಗಳಿಗೆ ಎರಡು ಭಾನುವಾರ ಅಮ್ಮನ ಬಳಿ. ಇದು ನಿನ್ನ ಸ್ವಂತ ಒಪ್ಪಿಗೆಯೇ ಎಂದು ನ್ಯಾಯಾಧೀಶರು ಎರಡು ಸಲ ಕೇಳಿದರು. ಎರಡು ಸಲವೂ ಆಕೆ ಹೌದು ಎಂದಳು. ಹಾಗಾದರೆ ಇದರ ಅಗತ್ಯವಿಲ್ಲ ಎಂದು ನ್ಯಾಯಾಧೀಶರು ಲಕೋಟೆಯನ್ನು ಹಾಗೇ ಹಿಂದಕ್ಕೆ ಕಳಿಸಿದರು. ಅರಗಿನ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ.

ಒಂದು ಮಗು ಕೈತಪ್ಪುವಂಥದ್ದು ಆ ಲಕೋಟೆಯಲ್ಲಿ ಏನಿತ್ತು? ಈ ಪ್ರಶ್ನೆಗೆ ಬೀಗದಕ್ಕ ಗೋಂದಿನ ಡಬ್ಬಿಯ ಮುಚ್ಚಳ ಬಿಗಿಮಾಡುತ್ತ ಬೇರೆಯೇ ಒಂದು ಮಾತು ಹೇಳುತ್ತಾರೆ. “ಒಳಗೆ ಏನಿದೆ ಅಂತ ಆ ಕಡೆಯವರಿಗೆ ಗೊತ್ತಿರ್ಲಿಲ್ಲ. ಆದ್ರೆ ಒಂದು ಕವರ್ ಇದೆ ಅಂತ ಗೊತ್ತಿತ್ತಲ್ಲ. ಅವಳು ಹೆದರೋಕೆ ಅಷ್ಟೇ ಸಾಕಾಯ್ತು. ಆ ಕವರ್ ಇರೋದು ಅವರಿಗೆ ಗೊತ್ತಾಗಿದ್ದು ನನ್ನಿಂದ.”

ಅಂದು ಕೋರ್ಟಿನ ಬಾಗಿಲಲ್ಲಿ ಆ ತಾಯಿ ಎದುರಿಗೇ ಬಂದಳು. ಲಕೋಟೆಯನ್ನು ನೋಡಿದಳು, ಬೀಗದಕ್ಕನ ಮುಖ ನೋಡಿದಳು, ಹೋದಳು. “ತಪ್ಪಾಯ್ತಮ್ಮ ಅನ್ನಬೇಕಿತ್ತು. ನಾಲಿಗೆ ತುದಿಗೆ ಬಂದಿತ್ತು. ಸುತ್ತ ಜನ ಇದ್ರು. ಮತ್ತೆ ಬಾಯಿ ಬಿಟ್ರೆ ಇನ್ನೇನಾಗುತ್ತೋ ಅಂತ ನುಂಗ್ಕೊಂಡೆ” ಎನ್ನುತ್ತಾರೆ ಬೀಗದಕ್ಕ. ಕ್ಷಮೆ ಕೇಳುವುದಕ್ಕೂ ದಾರಿಯಿಲ್ಲದ ಕೆಲಸ ಇದು ಎಂದು ಯಾರಿಗೆ ತಾನೇ ಹೊಳೆಯುತ್ತದೆ?

ಅಂದಿನಿಂದ ಬೀಗದಕ್ಕ ಗೇಟು ದಾಟುವ ಮೊದಲೇ ಕೊರಳಿನ ಚೀಟಿ ತೆಗೆದು ಚೀಲಕ್ಕೆ ಹಾಕುತ್ತಾರೆ. ದಾರಿಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಯಾರನ್ನೂ ತಾವಾಗಿ ಮಾತಾಡಿಸುವುದಿಲ್ಲ. ಎದುರಿನವರು ಮೊದಲು ನಕ್ಕರೆ ಮಾತ್ರ ನಗು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಬೀದಿಯವರಿಗೆ ಇದೆಲ್ಲ ಎಲ್ಲಿ ಗೊತ್ತು? ಏನು ಜಂಬ ಈ ಹೆಂಗಸಿಗೆ, ಕಂಡರೂ ಕಾಣದ ಹಾಗೆ ಹೋಗುತ್ತಾಳೆ ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ ಎನ್ನುತ್ತಾರೆ ಬೀಗದಕ್ಕ.

ಈ ಬರಹವನ್ನು ಅಚ್ಚಿಗೆ ಕಳಿಸುವ ಮುನ್ನ ಅವರಿಗೆ ಓದಲು ಕೊಟ್ಟಾಗ, ಅದು ಎರಡು ಕಡೆ ಬಿಳಿ ಪಟ್ಟಿ ಅಂಟಿಸಿಕೊಂಡು ವಾಪಸು ಬಂತು. ಆ ತಾಯಿಯ ಗುರುತು ಹತ್ತಬಹುದಾಗಿದ್ದ ಎರಡು ವಿವರಗಳು ಹೀಗೆ ಹೋದವು, ಇನ್ನು ಕೆಲವು ಬದಲಾದವು. ತಮ್ಮ ತಪ್ಪಿನ ಸಾಲುಗಳಿಗೆ ಮಾತ್ರ ಅವರು ಪಟ್ಟಿ ಹಾಕಿರಲಿಲ್ಲ.

ಬಹುಕಾಲ ಯಾರೂ ಕೇಳದ ಫೈಲುಗಳನ್ನು ಕಟ್ಟಿ ಊರಾಚೆಯ ಗೋದಾಮಿಗೆ ಸಾಗಿಸುವುದು ಇಲ್ಲಿನ ಪದ್ಧತಿ. ಒಂದು ಫೈಲು ಮಾತ್ರ ಹೋಗಿಲ್ಲ. ಒಡೆಯದ ಲಕೋಟೆಯ ಸಮೇತ ಅದು ಕೈಗೆಟಕುವ ಅಂಕಣದಲ್ಲೇ ಇದೆ, ಧೂಳು ಒರೆಸಿಸಿಕೊಂಡು. “ಅವಳು ಆಮೇಲೆ ಬರ್ಲೇ ಇಲ್ಲ. ಮಗೂನೂ ಹೋಯ್ತು, ಹೇಳ್ಕೊಳ್ಳೋಕೆ ಇದ್ದ ಜಾಗಾನೂ ಹೋಯ್ತು. ಕಿಟಕಿ ಮುಂದೆ ನಿಂತು ನನ್ನನ್ನ ಬಾಯಿಗೆ ಬಂದ ಹಾಗೆ ಬೈಲಿ. ಬೈದು, ಮೇಲೆ ಹೋಗಿ ಮೇಡಂ ಹತ್ರ ಕೂತು ಮಾತಾಡ್ಲಿ. ಆ ಫೈಲು ಒಂದು ಸಲ ಮೇಲಕ್ಕೆ ಹೋದ್ರೆ ಸಾಕು ನನಗೆ.”

ಸಂಜೆಯಾಗುತ್ತದೆ. ಮೇಲಿನ ಮಹಡಿಯ ನರ್ಸು ನಾಳೆಯ ಚೀಟಿಗಳ ಕಟ್ಟನ್ನು ತಂದು ಮೇಜಿನ ಮೇಲಿಟ್ಟು ಹೋಗುತ್ತಾಳೆ. ಬೀಗದಕ್ಕ ಅದರ ಮೇಲೊಂದು ಭಾರ ಇಡುತ್ತಾರೆ, ದೀಪ ಆರಿಸುತ್ತಾರೆ, ಕೊರಳಿನ ಚೀಟಿ ತೆಗೆದು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಒಂದು ಸಲ ತಿರುವಿ ನೋಡಬಾರದೇ ಎಂದು ಕೇಳಿದರೆ ಬೀಗ ಜಗ್ಗಿ ನೋಡುತ್ತ ಬೇಡವೆಂದು ತಲೆಯಾಡಿಸುತ್ತಾರೆ.

“ಈಗ್ಲೇ ನೋಡಿದ್ರೆ ರಾತ್ರಿ ಕಳೆಯೋದು ಹೇಗೆ? ಬೆಳಿಗ್ಗೆ ಬೇಗ ಬಂದು ನೋಡ್ತೀನಿ.”